ಒಂದೇ ಅಚ್ಚಿಗೆ ಎರಡು ಚೀಟಿ

ಅಚ್ಚಿನಕ್ಕನಿಗೆ ಜನರ ಮುಖ ನೆನಪಿರುವುದಿಲ್ಲ, ಕಾಲು ನೆನಪಿರುತ್ತದೆ. ಬಸ್ಸಿನಲ್ಲಿ ಯಾರಾದರೂ ‘ಚೆನ್ನಾಗಿದೀರಾ ಅಕ್ಕ’ ಅಂದರೆ ಮೊದಲು ಕೆಳಗೆ ನೋಡುತ್ತಾಳೆ, ಆಮೇಲೆ ‘ಓ, ನೀವಾ’ ಅನ್ನುತ್ತಾಳೆ. ಅದರಲ್ಲಿ ಅಹಂಕಾರ ಏನೂ ಇಲ್ಲ. ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಮೂವತ್ತಮೂರು ವರ್ಷ ಬಗ್ಗಿ ಕೂತು ಕೆಲಸ ಮಾಡಿದವರ ಕಣ್ಣು ಮೇಲೇಳುವುದು ಸ್ವಲ್ಪ ನಿಧಾನ, ಅಷ್ಟೆ. ಸಂಬಳದ ಪಟ್ಟಿಯಲ್ಲಿ ಅವಳಿಗೆ ಬೇರೆ ಹೆಸರಿದೆ. ಆ ಹೆಸರು ಹಿಡಿದು ಕೂಗಿದರೆ ಅವಳೇ ತಿರುಗಿ ನೋಡುವುದಿಲ್ಲ.

ಅವಳು ಮಾಡುವುದು ಕಾಲಚ್ಚು. ಕಾಲಚ್ಚು ಅಂದರೆ ಮರದ ಪಾದ. ಶೂ ಹೊಲಿಯುವವನು ಅದರ ಮೇಲೆ ಚರ್ಮವನ್ನು ಬಿಗಿಯಾಗಿ ಎಳೆದು, ಸಣ್ಣ ಮೊಳೆ ಬಡಿದು, ಅದರ ಆಕಾರಕ್ಕೇ ತರುತ್ತಾನೆ. ಎರಡೂ ಕಾಲು ಸರಿಯಿದ್ದವರಿಗೆ ಅಂಗಡಿಯ ಶೂ ಸಾಕು. ಈ ಶೆಡ್ಡಿಗೆ ಬರುವವರೇ ಬೇರೆ. ಜ್ವರ ಬಂದು ಒಂದು ಕಾಲು ಸೊರಗಿದವರು, ಅಪಘಾತದಲ್ಲಿ ಹಿಮ್ಮಡಿ ಕಳಕೊಂಡವರು, ಹುಟ್ಟುವಾಗಲೇ ಪಾದ ಒಳಗೆ ತಿರುಗಿದವರು. ಅಂಥವರ ಎಡಕ್ಕೂ ಬಲಕ್ಕೂ ಹೊಂದಾಣಿಕೆ ಅನ್ನುವುದೇ ಇಲ್ಲ. ‘ಅತ್ತೆ ಸೊಸೆ ಇದ್ದ ಹಾಗೆ, ಒಂದೇ ಮನೆ, ಎರಡು ದಾರಿ’ ಅಂತ ಅಚ್ಚಿನಕ್ಕ ಬಂದವರನ್ನು ನಗಿಸುತ್ತಿದ್ದಳು. ಬಂದವರಿಗೆ ನಗು ಬೇಕಿತ್ತು, ಅವಳಿಗೆ ಅವರ ಕಾಲು ಅಲ್ಲಾಡದೆ ನಿಲ್ಲಬೇಕಿತ್ತು.

ಶೆಡ್ಡಿನ ಮೂರು ಗೋಡೆಗೂ ಕಪಾಟು. ಕಪಾಟಿನ ತುಂಬ ನಾನೂರಕ್ಕೂ ಹೆಚ್ಚು ಜೋಡಿ ಮರದ ಪಾದ. ಪ್ರತಿಯೊಂದರ ಹಿಮ್ಮಡಿಯಲ್ಲಿ ಒಂದು ತೂತು, ತೂತಿನಲ್ಲಿ ದಾರ, ದಾರದ ತುದಿಯಲ್ಲಿ ಅಳತೆಯ ಚೀಟಿ: ಉದ್ದ ಎಷ್ಟು, ಅಗಲ ಎಷ್ಟು, ಹಿಮ್ಮಡಿಗೆ ಎಷ್ಟು ಎತ್ತರ ಕೊಡಬೇಕು. ಮೂಲೆಯಲ್ಲಿ ನಕಲು ಲೇತ್. ಅದರ ಒಂದು ಬದಿಗೆ ಈಗಾಗಲೇ ಇರುವ ಅಚ್ಚನ್ನು ಸಿಕ್ಕಿಸಬೇಕು, ಇನ್ನೊಂದು ಬದಿಗೆ ಬರಿ ಮರದ ತುಂಡು. ಗಾಲಿಯೊಂದು ಇರುವ ಅಚ್ಚಿನ ಮೈ ಸವರುತ್ತ ಹೋದ ಹಾಗೆ ಅಲಗು ಮರದ ತುಂಡನ್ನು ಅದೇ ಆಕಾರಕ್ಕೆ ಕಡೆಯುತ್ತದೆ. ಬೇಕಿದ್ದರೆ ಬಲದ ಅಚ್ಚಿನಿಂದ ಎಡದ್ದೂ, ಕನ್ನಡಿಯಲ್ಲಿ ಕಂಡಂತೆ, ಹೊರಬರುತ್ತದೆ. ಹಾಗೆ ಬಂದ ನಕಲನ್ನು ಅಚ್ಚಿನಕ್ಕ ಅರ ಹಿಡಿದು ಉಜ್ಜಿ, ಬೇಕಾದಲ್ಲಿ ಚರ್ಮದ ತೇಪೆ ಅಂಟಿಸಿ, ಕುಂದಿದ ಕಾಲಿನ ಅಳತೆಗೆ ಇಳಿಸುತ್ತಾಳೆ. ಇಷ್ಟನ್ನೆಲ್ಲ ಶೆಡ್ಡಿನಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ಬಲ ತಗೊಂಡು ಎಡ ಮಾಡು’ ಅನ್ನುತ್ತಾರೆ, ಮುಗಿಯಿತು. ನಡುವೆ ಲೇತ್ ಇದೆ ಅನ್ನುವುದು ಕೈಗೆ ಗೊತ್ತು, ಬಾಯಿಗೆ ಅದರ ಹಂಗಿಲ್ಲ.

ಶೆಡ್ಡಿಗೆ ಹೊಸದಾಗಿ ಯಾರೇ ಬರಲಿ, ಮೊದಲ ದಿನವೇ ಅವಳು ಒಂದು ಮಾತು ಹೇಳುತ್ತಿದ್ದಳು. ಇದ್ದ ಅಚ್ಚಿಗೆ ಅರ ತಾಗಿಸಬಾರದು. ಮೊದಲು ನಕಲು, ಆಮೇಲೆ ಅರ. ಒಬ್ಬ ಕೆಲಸಗಾರ ಒಮ್ಮೆ ಅವಸರಕ್ಕೆ ಬಿದ್ದು ಇದನ್ನು ಮೀರಿದ. ಅವಳು ಅವನ ಹತ್ತಿರ ಎಂಟು ದಿನ ಮಾತಾಡಲಿಲ್ಲ. ಮುದುಕಿಗೆ ಮರದ ಮೇಲೆ ಇರುವಷ್ಟು ಕನಿಕರ ಮನುಷ್ಯರ ಮೇಲಿಲ್ಲ ಅಂತ ಅವನು ಚಹಾದ ಹೊತ್ತಿನಲ್ಲಿ ಗೊಣಗಿಕೊಂಡ. ಪಾಪ, ಅವನಿಗೇನು ಗೊತ್ತು. ಆ ಕಟ್ಟಳೆಯ ಹಿಂದೆ ಅವಳ ಮಗಳೇ ಇದ್ದಳು.

ಅದನ್ನು ಈಗಲೇ ಹೇಳಿಬಿಡೋಣ, ಸುತ್ತಿ ಬಳಸಿ ಹೇಳುವಂಥ ಮಾತಲ್ಲ ಅದು.

ಮಗಳಿಗೆ ಎರಡು ವರ್ಷವಾಗಿದ್ದಾಗ ಜ್ವರ ಬಂದು ಎಡಗಾಲು ಸೊರಗಿತು. ಆಗ ನಕಲು ಲೇತ್ ನಡೆಸುತ್ತಿದ್ದವನು ಅಚ್ಚಿನಕ್ಕನ ಗಂಡ. ವರ್ಷಕ್ಕೊಮ್ಮೆ ಮಗು ಬೆಳೆದಷ್ಟೂ ಅಪ್ಪ ಹಳೆ ಅಚ್ಚಿನ ನಕಲು ತೆಗೆದುಕೊಡುವನು, ಅಮ್ಮ ಅದನ್ನು ಹೊಸ ಅಳತೆಗೆ ಸರಿಮಾಡುವಳು. ಮಗಳಿಗೆ ಏಳು ತುಂಬಿದ ವರ್ಷ ಎದೆನೋವು ಅಂತ ಶೆಡ್ಡಿನಿಂದ ಆಸ್ಪತ್ರೆಗೆ ನಡೆದುಕೊಂಡೇ ಹೋದವನು ಹೆಣವಾಗಿ ಹೊರಗೆ ಬಂದ. ಅದಾಗಿ ಮೂರನೇ ವಾರ ಮಗುವಿನ ಶೂ ಬಿಗಿಯಾಯಿತು. ಲೇತ್ ಮುಟ್ಟಲು ಅವಳಿಗೆ ಬರುತ್ತಿರಲಿಲ್ಲ, ಬರುವ ಇನ್ನೊಬ್ಬ ಇರಲಿಲ್ಲ. ಮಗುವಿನ ಕಾಲು ಅಳೆದಳು. ಹೊಸ ಚೀಟಿ ಬರೆದಳು. ಯಾರಾದರೂ ಲೇತಿನವರು ಬಂದ ಮೇಲೆ ನಕಲು ತೆಗೆಸೋಣ ಅಂತ ಆ ಚೀಟಿಯನ್ನು ಹಳೆ ಅಚ್ಚಿಗೇ, ಹಳೆ ಚೀಟಿಯ ಪಕ್ಕದಲ್ಲೇ ಕಟ್ಟಿದಳು. ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಕೈಗೆ ಅರ ಸಿಕ್ಕಿತು.

ಮುಂದಕ್ಕೆ ತೇಪೆ ಹಾಕಿದಳು, ಒಳಬದಿ ಉಜ್ಜಿದಳು. ಕಣ್ಣು ಮಂಜಾಗಿತ್ತು, ಒಳಗಿನ ಬಾಗು ಬೇಕಾದ್ದಕ್ಕಿಂತ ಹೆಚ್ಚು ಹೋಯಿತು. ಎಷ್ಟು ಹೋಯಿತು ಅಂತ ತಾಳೆ ನೋಡಲು ಹಳೆಯದು ಎಲ್ಲಿ? ಹಳೆಯದೇ ಇದು. ಆ ಅಚ್ಚಿನ ಮೇಲೇ ಶೂ ಹೊಲಿಸಿದಳು. ನಾಲ್ಕು ದಿನ ಕಚ್ಚುತ್ತದೆ, ಆಮೇಲೆ ಒಗ್ಗುತ್ತದೆ ಅಂತ ಮಗುವಿಗೆ ಹೇಳಿದಳು. ಮಗು ಹನ್ನೊಂದು ತಿಂಗಳು ಅದನ್ನು ಹಾಕಿಕೊಂಡು ಓಡಾಡಿತು, ಒಂದು ದಿನವೂ ಅಳಲಿಲ್ಲ. ವರ್ಷದ ತಪಾಸಣೆಯಲ್ಲಿ ಡಾಕ್ಟರು ಸೊಂಟ ಒಂದು ಬದಿಗೆ ವಾಲಿದೆಯಲ್ಲ ಅಂದರು. ಜ್ವರದ್ದೇ ಪರಿಣಾಮ ಇರಬೇಕು ಅಂತ ಅವರೇ ಅಂದುಕೊಂಡರು. ಅಚ್ಚಿನಕ್ಕ ಅದನ್ನು ಜ್ವರದ ತಲೆಗೇ ಕಟ್ಟಿ ಸುಮ್ಮನಾದಳು. ಎರಡು ಚೀಟಿಯ ಆ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಕೆಳಗಿನ ಕಪಾಟಿನ ಹಿಂದಕ್ಕೆ ತಳ್ಳಿದಳು. ಸೊಂಟ ಸರಿಹೋಗಲಿಲ್ಲ. ಮಗಳು ಈಗಲೂ ಸ್ವಲ್ಪ ಹೊತ್ತು ನಿಂತರೆ ಕೈ ತಾನಾಗಿ ಸೊಂಟಕ್ಕೆ ಹೋಗುತ್ತದೆ. ಪ್ರತಿ ಸಲ ಆ ಕೈ ಹೋದಾಗಲೂ ಅಮ್ಮ ಬೇರೆ ಕಡೆ ನೋಡುತ್ತಾಳೆ. ಹೇಳಬೇಕು, ಹೇಳಬೇಕು ಅಂತಲೇ ಇಪ್ಪತ್ತನಾಲ್ಕು ವರ್ಷ ಹೋಯಿತು.

ತಾಯಿ ಮಗಳ ನಡುವೆ ಬರದ ಮಾತಿಲ್ಲ. ನೆರೆಮನೆಯ ಜಗಳದಿಂದ ಹಿಡಿದು ಮಗಳು ಬೇಡ ಅಂದ ಮೂರು ಗಂಡುಗಳವರೆಗೆ ಎಲ್ಲ ಬರುತ್ತದೆ. ಕಾಲಿನ ಮಾತು ಮಾತ್ರ ಎರಡೇ ಮಾತಿನಲ್ಲಿ ಮುಗಿಯುತ್ತದೆ. ‘ಶೂ ಹೇಗಿದೆ?’ ‘ಚೆನ್ನಾಗಿದೆ.’ ಇಪ್ಪತ್ತೆರಡರ ಮೇಲೆ ಕಾಲೇನು ಬೆಳೆಯುತ್ತಾ ಅಂತ ಮಗಳು ಹೊಸ ಅಳತೆ ಕೊಡುವುದನ್ನೇ ಬಿಟ್ಟಿದ್ದಳು. ಒಂಬತ್ತು ವರ್ಷದಿಂದ ಅದೇ ಚೀಟಿ, ಅದೇ ಅಚ್ಚು. ಶೂ ಸವೆದರೆ ಅದರ ಮೇಲೇ ಇನ್ನೊಂದು. ಅಚ್ಚಿನಕ್ಕನೂ ಒತ್ತಾಯ ಮಾಡಲಿಲ್ಲ. ಊರಿಗೆಲ್ಲ ಕಾಲು ತೋರಿಸಿ ಅನ್ನುವವಳಿಗೆ ಸ್ವಂತ ಮಗಳ ಕಾಲು ಹಿಡಿಯಲು ಭಯ.

ಮಗಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನಲ್ಲಿದ್ದಳು. ಜನ ಟಿಕೆಟ್ಟನ್ನು ಫೋನಿನಲ್ಲೇ ಕೊಳ್ಳತೊಡಗಿದ ಮೇಲೆ ಒಂದೊಂದೇ ಕಿಟಕಿ ಮುಚ್ಚುತ್ತ ಬಂದು ಅವಳ ಕಿಟಕಿಯೂ ಮುಚ್ಚಿತು. ಎಂಟು ತಿಂಗಳು ಮನೆಯಲ್ಲೇ ಕೂತಳು. ಕೂತವಳ ಮುಖ ದಿನದಿನಕ್ಕೆ ಚಿಕ್ಕದಾಗುವುದನ್ನು ಅಮ್ಮ ನೋಡಿದಳು. ಅಷ್ಟರಲ್ಲಿ ಶೆಡ್ಡಿಗೆ ಹೊಸ ಯಂತ್ರ ಬಂತು. ಬಿಳಿ ಬೀರುವಿನ ಹಾಗಿದೆ, ಗಾಜಿನ ಬಾಗಿಲು, ಒಳಗೆ ಮರದ ತುಂಡು ಇಟ್ಟು ಅಳತೆ ಕೊಟ್ಟರೆ ಇಪ್ಪತ್ತು ನಿಮಿಷದಲ್ಲಿ ಅಚ್ಚು ಕಡೆದು ಕೊಡುತ್ತದೆ. ಅದಕ್ಕೆ ಅಳತೆ ಉಣಿಸುವವರು ಬೇಕಿತ್ತು. ಮಗಳು ತಾನೇ ಹೋಗಿ ದೊಡ್ಡ ಡಾಕ್ಟರನ್ನು ಕೇಳಿದಳು. ಅವರು ಒಳ್ಳೆಯವರೇ, ಆದರೆ ಬಾಯಿಮಾತಿಗೆ ಕೆಲಸ ಕೊಡುವವರಲ್ಲ. ಒಬ್ಬ ಮನುಷ್ಯನ ಎರಡೂ ಕಾಲಿನ ಅಳತೆ ಇಟ್ಟುಕೊಂಡು ಯಂತ್ರಕ್ಕೆ ಕೊಡುವ ಒಂದು ಸಣ್ಣ ಪ್ರೋಗ್ರಾಂ ಬರೆದು ತಾ, ನಮ್ಮ ಕಣ್ಣೆದುರು ಒಂದು ಜೋಡಿ ಕಡೆಸು, ಅದು ಸರಿಯಾದರೆ ಕುರ್ಚಿ ನಿನ್ನದು, ಆಗದಿದ್ದರೆ ಯಂತ್ರದ ಕಂಪನಿಯವರೇ ಅವರ ಕಡೆಯವನನ್ನು ಕಳಿಸುತ್ತಾರೆ ಅಂದರು. ಏಳು ವಾರ ಸಮಯ ಕೊಟ್ಟರು.

ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಐದು ವಾರದ ತರಗತಿ. ಮೂವತ್ತೆರಡು ಮೆಟ್ಟಿಲು. ಮಗಳು ಕಂಬಿ ಹಿಡಿದು ಹತ್ತಿ ಇಳಿದಳು. ಜೊತೆಯವರೆಲ್ಲ ಅವಳಿಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು. ಕಲಿಸುವವನಿಗೆ ಬಹಳ ಅವಸರ, ‘ಈಗ ಹೀಗೆ ಬರೀರಿ, ಯಾಕೆ ಅಂತ ಮುಂದೆ ಗೊತ್ತಾಗತ್ತೆ’ ಅನ್ನುವುದು ಅವನ ಪಲ್ಲವಿ. ತರಗತಿ ಮುಗಿಯಿತು, ‘ಮುಂದೆ’ ಬರಲೇ ಇಲ್ಲ.

ಯಂತ್ರ ಬಂದದ್ದು ಅಚ್ಚಿನಕ್ಕನಿಗೆ ಬೇಸರವೇ ಅಂತ ಶೆಡ್ಡಿನವರು ಕೆಣಕಿದರು. ಬೇಸರ ಎಲ್ಲಿಂದ ಬರಬೇಕು? ನಿವೃತ್ತಿಗೆ ಒಂದೂವರೆ ವರ್ಷ, ಮೊಣಕಾಲು ಈಗಾಗಲೇ ರಜೆ ಕೇಳುತ್ತಿದೆ. ಅವಳಿಗೆ ಇದ್ದ ಆಸೆ ಒಂದೇ, ಆ ಬಿಳಿ ಬೀರುವಿನ ಮುಂದೆ ಮಗಳು ಕೂರಬೇಕು. ತಾನು ಕೆಡಿಸಿದ್ದನ್ನು ತಿದ್ದಲಾಗದಿದ್ದರೂ ಮಗಳಿಗೆ ನಿಂತು ಮಾಡುವ ಕೆಲಸ ತಪ್ಪಿ ಕೂತು ಮಾಡುವ ಕೆಲಸ ಸಿಗಲಿ, ಅಷ್ಟೆ. ಅದಕ್ಕಾಗಿ ಯಾವ ದೇವರಿಗಾದರೂ ಕೈ ಮುಗಿಯಲು ತಯಾರಿದ್ದಳು, ಯಂತ್ರಕ್ಕೂ ಮುಗಿದಳು.

ಸೋಮವಾರ ಪರೀಕ್ಷೆ. ಶನಿವಾರ ಮಧ್ಯಾಹ್ನ ಅಚ್ಚಿನಕ್ಕ ಮನೆಗೆ ಬಂದಾಗ ಮಗಳು ಅಡುಗೆಮನೆಯ ಮೇಜಿನ ಮುಂದೆ, ಗೆಳತಿಯಿಂದ ಕಡ ತಂದ ಲ್ಯಾಪ್‌ಟಾಪ್ ತೆರೆದು, ಮುಖ ಇಷ್ಟುದ್ದ ಮಾಡಿಕೊಂಡು ಕೂತಿದ್ದಳು. ತಟ್ಟೆಯಲ್ಲಿ ಊಟ ಹಾಗೇ ಇತ್ತು. ಮೂರು ದಿನದಿಂದ ಪ್ರೋಗ್ರಾಂ ಓಡುತ್ತಿದೆ, ತಪ್ಪು ಅಂತ ಎಲ್ಲೂ ಹೇಳುತ್ತಿಲ್ಲ, ಆದರೆ ಕೊಡುವ ಉತ್ತರ ತಪ್ಪು. ಅಳಿಸಿ ಮೂರು ಸಲ ಹೊಸದಾಗಿ ಬರೆದಿದ್ದಳು. ಮೂರು ಸಲವೂ ಅದೇ ತಪ್ಪು ಉತ್ತರ.

ಓದಿ ಹೇಳು ಅಂದಳು ಅಮ್ಮ, ಕುರ್ಚಿ ಎಳೆದುಕೊಂಡು.

“ನಿನಗೆ ಅರ್ಥ ಆಗಲ್ಲಮ್ಮ.”

“ನಿನಗೆ ಅರ್ಥ ಆಗಿದ್ದಿದ್ರೆ ನಾನ್ಯಾಕೆ ಕೇಳ್ತಿದ್ದೆ?”

ಮಗಳು ಸೋತು ನಕ್ಕಳು, ಓದತೊಡಗಿದಳು. ಮೊದಲ ಸಾಲಿನಲ್ಲಿ ಕ್ಲಾಸ್ ಅಂತ ಇತ್ತು, ಅದರ ಹೆಸರು ಕಾಲಚ್ಚು. ಅದರೊಳಗೆ ಉದ್ದ, ಅಗಲ, ಎತ್ತರ ಅಂತ ಮೂರು ಜಾಗ. ಯಾರ ಉದ್ದ ಅಂತ ಅಮ್ಮ ಕೇಳಿದಳು. ಯಾರದ್ದೂ ಅಲ್ಲ, ಇನ್ನೂ ಅಚ್ಚು ಇಲ್ಲ, ಅಚ್ಚು ಅಂದರೆ ಹೇಗಿರಬೇಕು ಅಂತ ಮೊದಲೇ ಹೇಳಿಡುವುದು ಅಂತ ಮಗಳು ವಿವರಿಸಿದಳು. ಕೂಸು ಹುಟ್ಟುವ ಮೊದಲೇ ಕುಲಾವಿ ಅಂತಾಯ್ತು ಅಂದಳು ಅಮ್ಮ. ಆಮೇಲೆ ತಾನೇ ಸ್ವಲ್ಪ ಯೋಚಿಸಿ, ಅಲ್ಲ, ಕುಲಾವಿ ಅಲ್ಲ, ಪ್ರೆಸ್ಸಿನಿಂದ ಬಂದ ಖಾಲಿ ಚೀಟಿ ಇದು, ಉದ್ದ ಅಂತ ಬರೆದು ಮುಂದೆ ಗೆರೆ ಎಳೆದಿರುತ್ತಲ್ಲ, ಹಾಗೆ, ಅಂದಳು. ಮಗಳು ತಲೆ ಎತ್ತಿ ನೋಡಿದಳು. ಐದು ವಾರದಲ್ಲಿ ಆ ಮೇಷ್ಟ್ರು ಅದನ್ನು ಇಷ್ಟು ಸಲೀಸಾಗಿ ಹೇಳಿರಲಿಲ್ಲ.

ಕ್ಲಾಸಿನ ಕೊನೆಯಲ್ಲಿ ಇನ್ನೊಂದು ತುಂಡಿತ್ತು. ಕೇಳಿದರೆ ಅಚ್ಚು ತನ್ನ ಅಳತೆಯನ್ನು ತಾನೇ ಹೇಳುವಂತೆ ಮಾಡಿರುವುದು ಅಂತ ಮಗಳು ಹೇಳಿದಳು.

“ಅಚ್ಚೇ ಹೇಳತ್ತಾ? ಬಾಯಿ ಬಂತಾ ಅದಕ್ಕೆ?”

ಬಂತು ಅಂದಳು ಮಗಳು. ಮೂವತ್ತಮೂರು ವರ್ಷ ನನ್ನ ಹತ್ತಿರ ಒಂದೂ ಮಾತಾಡಲಿಲ್ಲ, ನಿನ್ನ ಕೈಗೆ ಬಂದ ತಕ್ಷಣ ವಾಚಾಳಿಯಾಯಿತು ಅಂತ ಅಮ್ಮ ಗೊಣಗಿದಳು. ಆದರೆ ಮಾತು ಇಷ್ಟವಾಯಿತು. ಚೀಟಿಯನ್ನು ಯಾರಾದರೂ ಬದಲಾಯಿಸಬಹುದು. ಅಚ್ಚೇ ಹೇಳಿದರೆ ಸುಳ್ಳಿಗೆ ಜಾಗವಿಲ್ಲ ಅನ್ನಿಸಿತು ಅವಳಿಗೆ.

ಕ್ಲಾಸ್ ಮುಗಿದ ಮೇಲೆ ನಿಜವಾದ ಕೆಲಸ. ‘ಬಲ’ ಅಂತ ಹೆಸರು, ಸಮ ಚಿಹ್ನೆ, ಅದರ ಮುಂದೆ ನ್ಯೂ, ಆಮೇಲೆ ಕಾಲಚ್ಚು. ನ್ಯೂ ಅಂದರೇನು ಅಂತ ಅಮ್ಮ ಕೇಳಿದಳು. ಹೊಸದು, ಆ ಪದ ಬಂದಾಗಲೇ ಅಚ್ಚು ಹುಟ್ಟುವುದು, ಅಲ್ಲಿಯವರೆಗೆ ಇದ್ದದ್ದು ಬರೀ ಖಾಲಿ ಚೀಟಿ. ಸರಿ, ಅಂದರೆ ಇಲ್ಲಿ ಮರ ಬಂತು ಅಂತ ಅಮ್ಮ ಬೆರಳಿನಿಂದ ಮೇಜಿನ ಮೇಲೆ ಒಂದು ಗೆರೆ ಎಳೆದಳು. ಬಲದ ಉದ್ದ ಇನ್ನೂರ ಮೂವತ್ತಾರು ಮಿಲಿಮೀಟರು, ಎತ್ತರ ಸೊನ್ನೆ. ಅಳತೆ ಕೇಳುತ್ತಿದ್ದಂತೆಯೇ ಅದು ಯಾರ ಕಾಲು ಅಂತ ಅವಳಿಗೆ ಗೊತ್ತಾಯಿತು. ಮಗಳು ತನ್ನದೇ ಒಂಬತ್ತು ವರ್ಷದ ಹಳೆ ಚೀಟಿಯನ್ನು ಎದುರಿಗಿಟ್ಟುಕೊಂಡಿದ್ದಳು.

ಮುಂದಿನ ಸಾಲು ಚಿಕ್ಕದು. ಎಡ, ಸಮ ಚಿಹ್ನೆ, ಬಲ. ಇಷ್ಟೇ.

“ಇದೇನು?”

“ಬಲ ತಗೊಂಡು ಎಡ ಮಾಡಿದೆ. ನೀವೆಲ್ಲ ಮಾಡೋ ಹಾಗೇ.”

ಆಮೇಲೆ ಎಡಕ್ಕೆ ಅದರ ಅಳತೆ: ಉದ್ದ ಇನ್ನೂರ ಇಪ್ಪತ್ತೊಂದು, ಹಿಮ್ಮಡಿಯ ಎತ್ತರ ಮೂವತ್ತನಾಲ್ಕು. ಕೊನೆಗೆ ಎರಡನ್ನೂ ನಿಮ್ಮ ಅಳತೆ ಹೇಳಿ ಅಂತ ಕೇಳುವ ಎರಡು ಸಾಲು. ಮಗಳು ಓಡಿಸಿ ತೋರಿಸಿದಳು. ಎಡದ ಅಚ್ಚು ಇನ್ನೂರ ಇಪ್ಪತ್ತೊಂದು, ಮೂವತ್ತನಾಲ್ಕು ಅಂದಿತು. ಬಲದ್ದೂ ಅಕ್ಷರ ತಪ್ಪದೆ ಅದನ್ನೇ ಅಂದಿತು. ಎಡವನ್ನು ಮುಟ್ಟಿದರೆ ಬಲ ಯಾಕೆ ಗಿಡ್ಡವಾಗಬೇಕು? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ಅಂತ ಮಗಳು ಹಣೆ ಒತ್ತಿಕೊಂಡಳು. ಬಲಕ್ಕೆ ಮೊದಲು ಬರೆದ ಇನ್ನೂರ ಮೂವತ್ತಾರು ಎಲ್ಲಿ ಹೋಯಿತು, ಯಾರು ಅಳಿಸಿದರು ಅಂತ ಮೂರು ದಿನದಿಂದ ಹುಡುಕುತ್ತಿದ್ದೇನೆ ಅಂದಳು.

ಅಚ್ಚಿನಕ್ಕ ಮೇಜಿನ ಮೇಲೆ ತಾನು ಎಳೆದ ಗೆರೆಯನ್ನೇ ನೋಡುತ್ತಿದ್ದಳು. ಮರ ಬಂದ ಸಾಲಿಗೆ ಒಂದು ಗೆರೆ. ಒಂದೇ ಗೆರೆ.

“ಪುಟ್ಟಿ, ಹೊಸದು ಅನ್ನೋ ಆ ಪದ ಎಷ್ಟು ಸಲ ಬರೆದಿದೀಯ?”

ಮಗಳು ಮೇಲಿಂದ ಕೆಳಗೆ ಬೆರಳಿಟ್ಟು ನೋಡಿದಳು. ಒಂದು ಸಲ.

“ಹಾಗಾದ್ರೆ ಎರಡನೇ ಮರ ಎಲ್ಲಿಂದ ಬರಬೇಕು? ನೀನು ಲೇತಿಗೆ ಹಾಕೇ ಇಲ್ಲ. ಇದ್ದ ಅಚ್ಚಿಗೇ ಇನ್ನೊಂದು ಚೀಟಿ...”

ಅಲ್ಲಿಗೆ ಅವಳ ಮಾತು ನಿಂತಿತು. ಉಳಿದದ್ದನ್ನು ಮಗಳೇ ಮುಗಿಸಿದಳು: ಇನ್ನೊಂದು ಚೀಟಿ ಕಟ್ಟಿದೀನಿ, ಹೆಸರು ಎರಡು, ಅಚ್ಚು ಒಂದೇ, ಎಡ ಅಂತ ತಿಳಿದು ನಾನು ಬಲವನ್ನೇ ಉಜ್ಜಿದೀನಿ. ಹೇಳುತ್ತ ಹೇಳುತ್ತ ಅವಳ ಮುಖ ಅರಳಿತು. ಐದು ವಾರ ಕಣ್ಣ ಮುಂದೆ ಇದ್ದದ್ದು ಈಗ ಕಂಡಿತ್ತು. ಎಡಕ್ಕೂ ನ್ಯೂ ಬರೆದಳು, ಬಲದ ಅಳತೆಗಳನ್ನು ಒಂದೊಂದಾಗಿ ಅದಕ್ಕೆ ಇಳಿಸಿದಳು, ಆಮೇಲೆ ಎಡದ್ದನ್ನು ತಿದ್ದಿದಳು. ಓಡಿಸಿದಾಗ ಬಲ ಬಲದ ಮಾತು ಹೇಳಿತು, ಎಡ ಎಡದ್ದು. ಅಮ್ಮನನ್ನು ಕೂಗಿ ತೋರಿಸೋಣ ಅಂತ ತಿರುಗಿದರೆ ಕುರ್ಚಿ ಖಾಲಿ. ಅಚ್ಚಿನಕ್ಕ ಹಿಂಬಾಗಿಲಲ್ಲಿ ನಿಂತು ಒಣಗಿದ ಬಟ್ಟೆಗಳನ್ನು ತೆಗೆಯುತ್ತಿದ್ದಳು. ತೆಗೆದದ್ದನ್ನೇ ಮತ್ತೆ ಹಗ್ಗಕ್ಕೆ ಹಾಕುತ್ತಿದ್ದಳು.

ಶೆಡ್ಡಿನಲ್ಲಿ ಹುಟ್ಟಿ ಬೆಳೆದವಳಲ್ಲದೆ ಬೇರೆ ಯಾರೂ ಆ ತಪ್ಪು ಮಾಡುತ್ತಿರಲಿಲ್ಲ ಅಂತ ಅವಳಿಗೆ ಅನ್ನಿಸಿತು. ಬಲ ತಗೊಂಡು ಎಡ ಮಾಡು ಅನ್ನುವುದನ್ನು ಮಗಳು ಹಾಲು ಕುಡಿಯುವಾಗಿನಿಂದ ಕೇಳಿದ್ದಾಳೆ. ನಡುವಿನ ಲೇತಿನ ಮಾತನ್ನು ಯಾರೂ ಆಡಲಿಲ್ಲ, ಆದ್ದರಿಂದ ಅವಳೂ ಬರೆಯಲಿಲ್ಲ. ಮಗಳದ್ದು ಗೊತ್ತಿಲ್ಲದೆ ಮಾಡಿದ ತಪ್ಪು, ಒಂದು ಪದ ಸೇರಿಸಿದರೆ ಸರಿಹೋಯಿತು. ತನ್ನದು? ತನಗೆ ಗೊತ್ತಿತ್ತು. ಗೊತ್ತಿದ್ದೂ ಅರ ಹಿಡಿದಿದ್ದಳು, ಮತ್ತು ಅದು ಸರಿಹೋಗಲಿಲ್ಲ. ಇನ್ನೂ ಒಂದು ವಿಷಯ ಇತ್ತು. ಸೋಮವಾರ ಪರೀಕ್ಷೆ ಗೆದ್ದರೆ ಹಳೆಯ ಅಚ್ಚುಗಳನ್ನೆಲ್ಲ ಮಂಗಳವಾರ ಲಾರಿ ಬಂದು ಒಯ್ಯುವುದು ಅಂತ ತೀರ್ಮಾನವಾಗಿತ್ತು. ಕೆಳಗಿನ ಕಪಾಟಿನ ಗಂಟೂ ಅದರ ಜೊತೆ ಹೋಗುತ್ತದೆ. ಸುಮ್ಮನಿದ್ದರೆ ಸಾಕು, ಯಾರಿಗೂ ಯಾವತ್ತೂ ಗೊತ್ತಾಗುವುದಿಲ್ಲ. ಅಷ್ಟು ಸುಲಭವಾಗಿತ್ತು.

ಸೋಮವಾರದ ಸುದ್ದಿಯನ್ನು ಮೊದಲೇ ಹೇಳಿಬಿಡೋಣ, ಕೆಲಸ ಸಿಕ್ಕಿತು. ಯಂತ್ರ ಒಂದು ಜೋಡಿ ಕಡೆದುಕೊಟ್ಟಿತು. ದೊಡ್ಡ ಡಾಕ್ಟರು ಅಚ್ಚುಗಳನ್ನು ಕೈಗೆ ತಗೊಂಡು ಚೀಟಿಯ ಜೊತೆ ತಾಳೆ ನೋಡಿದರು. ಎಡದ್ದು ತಾಳೆಯಾಗಲಿಲ್ಲ. ಚೀಟಿಯಲ್ಲಿ ಹಿಮ್ಮಡಿಯ ಎತ್ತರ ಮೂವತ್ತನಾಲ್ಕು, ಅಚ್ಚು ನಲವತ್ತೊಂದಕ್ಕೆ ಬಂದಿದೆ. ಚೀಟಿ ಹಳೆಯದು ಸರ್, ಕಾಲು ಇಲ್ಲೇ ಇದೆ, ಅಳೆದು ನೋಡಿ ಅಂತ ಮಗಳು ಶೂ ಬಿಚ್ಚಿ ಕಾಲು ಮುಂದಿಟ್ಟಳು. ಅವರು ಅಳೆದರು. ನಲವತ್ತೊಂದು. ಅಲ್ಲಿಗೆ ಆ ಮಾತು ಮುಗಿಯಿತು.

ಆ ನಲವತ್ತೊಂದು ಬಂದದ್ದು ಭಾನುವಾರ ಬೆಳಿಗ್ಗೆ.

ಶೆಡ್ಡಿನ ಬೀಗದ ಕೈ ಅಚ್ಚಿನಕ್ಕನ ಹತ್ತಿರವೇ ಇರುತ್ತಿತ್ತು. ಬಾ, ಕೆಲಸ ಇದೆ ಅಂತ ಅಷ್ಟೇ ಹೇಳಿ ಮಗಳನ್ನು ಕರಕೊಂಡು ಹೋದಳು. ರಜೆಯ ದಿನ, ಯಾರೂ ಇರಲಿಲ್ಲ. ಮೇಲಿನ ಕಿಟಕಿಯಿಂದ ಬಿಸಿಲು ಬಿದ್ದು ಕಪಾಟಿನ ಪಾದಗಳ ಬೆರಳು ಮಾತ್ರ ಬೆಳಗಿದ್ದವು. ಮಗಳು ತನ್ನ ಪ್ರೋಗ್ರಾಮಿನ ಮಾತಾಡುತ್ತಲೇ ಬಂದವಳು ಅಮ್ಮ ನೆಲದ ಮೇಲೆ ಕೂತು ಕೆಳಗಿನ ಕಪಾಟಿನೊಳಗೆ ಭುಜದವರೆಗೆ ಕೈ ಹಾಕಿದ್ದನ್ನು ನೋಡಿ ಸುಮ್ಮನಾದಳು. ಗಂಟು ಹೊರಗೆ ಬಂತು. ಬಟ್ಟೆ ಬಿಚ್ಚಿದರೆ ಒಂದು ಚಿಕ್ಕ ಎಡಪಾದ, ಮುಂದೆ ಚರ್ಮದ ತೇಪೆ, ಒಳಬದಿಯಲ್ಲಿ ಅರದ ಗೀರು, ಹಿಮ್ಮಡಿಯಲ್ಲಿ ಎರಡು ಚೀಟಿ. ಒಂದು ಅಪ್ಪನ ಕೈಬರಹ. ಇನ್ನೊಂದು ಅಮ್ಮನದು.

ಮಗಳು ಅದನ್ನು ಕೈಗೆ ತಗೊಂಡಳು. ಬೆಂಚಿನ ಮೇಲೆ ಕೂತು ಅಪ್ಪನ ಅಕ್ಷರವನ್ನು ಬಹಳ ಹೊತ್ತು ನೋಡಿದಳು. ಅಮ್ಮ ನೆಲದಿಂದ ಏಳಲಿಲ್ಲ.

“ಇದು ನಿನ್ನ ಏಳನೇ ವರ್ಷದ್ದು. ನಕಲು ತೆಗೀಲಿಲ್ಲ ನಾನು, ಇದನ್ನೇ ಉಜ್ಜಿದೆ. ನಿನ್ನ ಸೊಂಟ ಜ್ವರದಿಂದ ಹಾಳಾಗಲಿಲ್ಲ ಪುಟ್ಟಿ, ನನ್ನ ಕೈಯಿಂದ ಹಾಳಾಯ್ತು.”

ಹೇಳಿದಳು. ಇಪ್ಪತ್ತನಾಲ್ಕು ವರ್ಷ ಹೊತ್ತುಕೊಂಡು ತಿರುಗಿದ್ದು ಮೂರು ಮಾತಿನಲ್ಲಿ ಹೊರಗೆ ಬಂತು. ಹೊರೆ ಇಳಿಯುತ್ತದೆ ಅಂದುಕೊಂಡಿದ್ದಳು, ಇಳಿಯಲಿಲ್ಲ. ಮಗಳು ಬೈಯಲಿ, ಎದ್ದು ಹೋಗಲಿ, ಆ ಅಚ್ಚನ್ನು ತನ್ನ ಮೇಲೇ ಎಸೆಯಲಿ ಅಂತ ಕಾದಳು. ಮಗಳು ಹೆಬ್ಬೆರಳಿನಿಂದ ಆ ಅರದ ಗೀರನ್ನು ಸವರು­ತ್ತಿದ್ದಳು. ಒಳಬದಿಯಲ್ಲಿ, ಹೆಚ್ಚಾಗಿ ಹೋದ ಕಡೆ ಸರಿಯಾಗಿ ಬಂದು ಬೆರಳು ನಿಂತಿತು.

“ಇಲ್ಲೇ,” ಅಂದಳು. “ಗೊತ್ತಿತ್ತಮ್ಮ.”

ಅಚ್ಚಿನಕ್ಕ ತಲೆ ಎತ್ತಿ ನೋಡಿದಳು. ಮಗಳು ತಾನೇ ಹೇಳಿದಳು. ಅಚ್ಚಿನ ವಿಷಯ ಗೊತ್ತಿರಲಿಲ್ಲ, ಶೂ ತಪ್ಪಾಗಿದೆ ಅಂತ ಮೊದಲ ದಿನವೇ ಗೊತ್ತಾಗಿತ್ತು. ಶಾಲೆಗೆ ಹೋಗುವ ದಾರಿಯಲ್ಲಿ ಒಂದು ನೀರಿನ ಕೈಪಂಪ್ ಇತ್ತು, ಅದರ ಕಟ್ಟೆಯ ಮೇಲೆ ಕೂತು ಶೂ ಬಿಚ್ಚಿ ಸ್ವಲ್ಪ ಹೊತ್ತು ಕಾಲು ಚಾಚಿಕೊಂಡು ಮತ್ತೆ ಹಾಕಿಕೊಳ್ಳುತ್ತಿದ್ದಳು. ಮನೆಗೆ ಬಂದು ಶೂ ಹೇಗಿದೆ ಅಂದರೆ ಚೆನ್ನಾಗಿದೆ ಅನ್ನುತ್ತಿದ್ದಳು.

“ಯಾಕೆ ಹೇಳಲಿಲ್ಲ?” ಅಂದಳು ಅಮ್ಮ. “ಒಂದು ಮಾತು ಹೇಳಿದ್ರೆ...”

“ನೀನು ಇದನ್ನ ಉಜ್ಜೋವಾಗ ನಾನು ಇಲ್ಲೇ, ಈ ಬೆಂಚಿನ ಮೇಲೇ ಕೂತಿದ್ದೆ. ನೀನು ಅಳ್ತಾ ಉಜ್ತಿದ್ದೆ. ಅಪ್ಪ ಹೋದಾಗಿಂದ ನೀನು ಅತ್ತಿದ್ದನ್ನ ನಾನು ಅವತ್ತೇ ನೋಡಿದ್ದು. ಕಚ್ಚತ್ತೆ ಅಂದ್ರೆ ನೀನು ಮತ್ತೆ ಇಲ್ಲಿ ಬಂದು ಕೂರ್ತೀಯ, ಮತ್ತೆ ಅಳ್ತೀಯ ಅಂತ.”

ಅಚ್ಚಿನಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಏಳು ವರ್ಷದ ಕೂಸು ತನ್ನ ಸೊಂಟ ಕೊಟ್ಟು ಅಮ್ಮನ ಕಣ್ಣೀರು ತಡೆದಿತ್ತು. ಅದನ್ನು ತಿಳಿಯದೆ ಈ ಅಮ್ಮ, ಮಗಳಿಗೆ ನೋವಾಗಬಾರದು ಅಂತ, ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಒಬ್ಬರಿಗೊಬ್ಬರು ಮರೆಮಾಡಿದ್ದೂ ಒಂದೇ ನೋವನ್ನು. ಅವಳು ಅತ್ತಳು, ಗಟ್ಟಿಯಾಗಿಯೇ ಅತ್ತಳು. ಮಗಳು ಬೆಂಚಿನಿಂದ ಇಳಿದು, ಸೊಂಟ ಹಿಡಿದುಕೊಂಡು ನಿಧಾನವಾಗಿ ಪಕ್ಕದಲ್ಲಿ ಕೂತಳು. ಈ ಸಲ ಅಮ್ಮ ಬೇರೆ ಕಡೆ ನೋಡಲಿಲ್ಲ.

ಹೊರಗೆ ಆಸ್ಪತ್ರೆಯ ಅಂಗಳದಲ್ಲಿ ಯಾರೋ ತಳ್ಳುಗಾಡಿ ಎಳೆದುಕೊಂಡು ಹೋದರು. ಅದರ ಸದ್ದು ಅಡಗಿತು. ಆಮೇಲೆ ಅಚ್ಚಿನಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಸಾವಿರ ಸಲ ಕೇಳಿದ್ದನ್ನೇ ಇನ್ನೊಮ್ಮೆ ಕೇಳಿದಳು.

“ಈಗಿನ ಶೂ ಹೇಗಿದೆ?”

ಮಗಳ ಬಾಯಿ ರೂಢಿಯಂತೆ ‘ಚೆನ್ನಾಗಿದೆ’ ಅನ್ನಲು ತೆರೆಯಿತು. ಅರ್ಧಕ್ಕೇ ಮುಚ್ಚಿಕೊಂಡಿತು. ಅವಳು ಬಗ್ಗಿ ಎಡಗಾಲಿನ ಲೇಸ್ ಎಳೆದಳು.

“ಕಚ್ಚತ್ತಮ್ಮ.”

“ಎಷ್ಟು ದಿನದಿಂದ?”

“ಆರು ವರ್ಷ.”

ಅಚ್ಚಿನಕ್ಕ ಆ ಚಿಕ್ಕ ಅಚ್ಚನ್ನು ಪಕ್ಕಕ್ಕಿಟ್ಟಳು. ಎದ್ದು ಡ್ರಾಯರಿನಿಂದ ಒಂದು ಖಾಲಿ ಚೀಟಿ, ಪೆನ್ಸಿಲು, ಟೇಪು ತಂದಳು. ಮತ್ತೆ ನೆಲದ ಮೇಲೆ ಕೂತು, ಮಗಳ ಕಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.